ಪಹಣಿ ಪರದೆಗೆ ಬಂತು, ಪಂಗನಾಮ ನಿಂತಿತೇ?

ಮಂಡ್ಯ: ಜಮೀನು ವ್ಯವಹಾರದಲ್ಲಿ ಸುಳ್ಳು ಹೇಳಿ ಬದುಕುವವರಿಗೆ ಈಗ ಮೊದಲಿನಷ್ಟು ಸುಖವಿಲ್ಲ. ಸರ್ವೆ ನಂಬರ್ ಬಾಯಿಗೆ ಬಂದರೆ ಸಾಕು, ಎದುರಿಗೆ ನಿಂತ ಕಾಲೇಜು ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಅದು ಯಾರ ಹೆಸರಿನಲ್ಲಿದೆ, ಎಷ್ಟು ಗುಂಟೆ, ಅದರಲ್ಲಿ ಖರಾಬು ಎಷ್ಟು, ಯಾವ ಬ್ಯಾಂಕಿನ ಸಾಲ ಕೂತಿದೆ ಅಂತ ನಿಂತಲ್ಲೇ ಓದಿ ಹೇಳುತ್ತಾನೆ. ದಲ್ಲಾಳಿ ಪೆಚ್ಚುನಗೆ ನಗಬೇಕು, ಅಷ್ಟೆ.

ಹಾಗಂತ ಕೈಸುಟ್ಟುಕೊಳ್ಳುವವರು ಇಲ್ಲವಾದರೇ? ವಿ.ವಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ, ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ನೌಕರರನ್ನು ಕೇಳಿ. ಒಂದಲ್ಲ ಒಂದು ಸೈಟಿನ ಕತೆ ಇದ್ದೇ ಇರುತ್ತೆ. ದುಡ್ಡು ಕೊಟ್ಟಾಗಿದೆ, ಖಾತೆ ಆಗಿಲ್ಲ. ಖಾತೆ ಆಗಿದೆ, ಬ್ಯಾಂಕಿನವರು ಸಾಲ ಕೊಡೋದಿಲ್ಲ. ಸಾಲ ಸಿಕ್ಕಿದೆ, ಬಡ್ಡಿ ಇಳಿದದ್ದು ಯಾರೂ ಹೇಳಿಲ್ಲ.

ವಿಷಯ ಇರೋದೇ ಇಲ್ಲಿ. ಹಿಂದೆ ಕಾಗದ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಈಗ ಎಲ್ಲರಿಗೂ ಕಾಣುವಂತೆ ಪರದೆಗೆ ಬಂದಿದೆ. ಆದರೆ ನೋಡುವ ಹೊಣೆಯೂ ಅದರ ಜೊತೆಗೇ ಕೊಳ್ಳುವವನ ಹೆಗಲಿಗೆ ದಾಟಿದೆ. ನೋಡಿದವನು ಬಚಾವ್. ನೋಡದವನ ಜೇಬಿಗೆ ಕತ್ತರಿ ಬೀಳೋದು ಇನ್ನೂ ನಿಂತಿಲ್ಲ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ 2023ರ ಮಾರ್ಚ್ 12ರಂದು ಜಿಲ್ಲೆಯ ಗೆಜ್ಜಲಗೆರೆಯಲ್ಲೇ ನಡೆಯಿತು. ಹೆದ್ದಾರಿ ಬಂದ ಕಡೆ ಕಲ್ಲು ನೆಟ್ಟು, ಸುಣ್ಣ ಬಳಿದು, ಬಣ್ಣದ ಬಾವುಟ ಕಟ್ಟುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಕಬ್ಬು ಬೆಳೆಯುವ ನೆಲಕ್ಕೆ ಚದರಡಿ ರೇಟು ಕಟ್ಟುವ ಕಾಲದಲ್ಲಿ ಈ ಪರದೆ ಏನು ತೋರಿಸುತ್ತೆ, ಏನು ತೋರಿಸುವುದಿಲ್ಲ ಅನ್ನುವುದನ್ನು ಸಾಮಾನ್ಯ ಮನುಷ್ಯ ತಿಳಿದಿರಬೇಕು.

ದಫ್ತರದಿಂದ ಹದಿನೈದು ರೂಪಾಯಿ ಕಿಟಕಿಗೆ

ಪಹಣಿ ಅಂದರೆ ಒಂದು ಕಾಲಕ್ಕೆ ಶಾನುಭೋಗರ ದಫ್ತರ. ವಂಶಪಾರಂಪರ್ಯದ ಶಾನುಭೋಗಿಕೆ ಕಾನೂನಿನಿಂದ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ದಫ್ತರ ಮಾತ್ರ ಕಂಕುಳಿಂದ ಕಂಕುಳಿಗೆ ಬದಲಾಯಿತು. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಎಲ್ಲ ರೈತರ ಜಾತಕ. ಒಂದು ಪಹಣಿಗೆ ನಾಲ್ಕು ದಿನ ಅಲೆದಾಟ, ಕೈಬಿಸಿ ಬೇರೆ. ಯಾರ ಹೆಸರು ಹೊಡೆದು ಯಾರ ಹೆಸರು ಬರೆದರು ಅನ್ನೋದು ಬರೆದವರಿಗೇ ಗೊತ್ತು.

'ಭೂಮಿ' ಯೋಜನೆ ಈ ದಫ್ತರವನ್ನು ಕಂಪ್ಯೂಟರಿಗೆ ಹತ್ತಿಸಿತು. ಅದರ ಮೊದಲ ಕೇಂದ್ರ 1999ರಲ್ಲಿ ಬಂದದ್ದು ಬೇರೆಲ್ಲೂ ಅಲ್ಲ, ಈ ಜಿಲ್ಲೆಯ ಮದ್ದೂರಿನಲ್ಲೇ. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಆಗ ಪಹಣಿಗೆ ಶುಲ್ಕ 15 ರೂಪಾಯಿ. ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತ ಒಂದೊಂದೇ ತಾಲ್ಲೂಕಿನಲ್ಲಿ ಅಧಿಸೂಚನೆ ಹೊರಬಿತ್ತು. ಖಾತೆ ಬದಲಾವಣೆ ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು. ಯಾವ ಗುಮಾಸ್ತ ಯಾವಾಗ ಏನು ತಿದ್ದಿದ ಅನ್ನೋದಕ್ಕೆ ಅವನ ಬೆರಳಚ್ಚೇ ಸಾಕ್ಷಿ. ಇವತ್ತು ಕಚೇರಿಗೆ ಹೋಗುವ ಕೆಲಸವೂ ಇಲ್ಲ, ಮನೆಯಲ್ಲಿ ಕೂತೇ ನೋಡಬಹುದು.

ಆದರೆ ಯಂತ್ರ ಹೊಸ ಸತ್ಯವನ್ನೇನೂ ಹುಟ್ಟಿಸೋದಿಲ್ಲ. ದಫ್ತರದಲ್ಲಿ ಇದ್ದದ್ದೇ ಅದಕ್ಕೆ ಏರಿತು. ತಾತ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿ ತಾತನ ಹೆಸರಲ್ಲೇ ಇರುವ ಮನೆಗಳು ಊರೂರಲ್ಲಿವೆ. ರಾಜ್ಯದಲ್ಲಿ ಇಂಥ ಪಹಣಿ ಲಕ್ಷಗಟ್ಟಲೆ ಇವೆ ಅಂತ ಕಂದಾಯ ಇಲಾಖೆಯೇ ಪೌತಿ ಖಾತೆ ಆಂದೋಲನ ನಡೆಸುತ್ತಿದೆ. ಪಹಣಿಯಲ್ಲಿ ಒಂದೇ ಹೆಸರು, ನೆಲದ ಮೇಲೆ ಐದು ಜನ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು. ಹಿರಿಯಣ್ಣ ಒಬ್ಬನೇ ಬಂದು ಸಹಿ ಹಾಕಿ ಮಾರಿದರೆ, ಮುಂದೆ ಭಾಗಕ್ಕೆ ದಾವೆ ಬೀಳೋದು ಕೊಂಡವನ ಮೇಲೂ. ಇದನ್ನು ಯಾವ ಪರದೆಯೂ ಹೇಳುವುದಿಲ್ಲ. ವಂಶವೃಕ್ಷ ಕೇಳಿ ತಗೊಳ್ಳಬೇಕು, ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸಬೇಕು.

ಇನ್ನೊಂದು ಗುಂಡಿ ಸರ್ಕಾರ ಮಂಜೂರು ಮಾಡಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಕಾಯ್ದೆ ಹೇಳುತ್ತೆ. ಮಾರಿದರೂ ಅದು ಮೂಲದವರಿಗೆ ವಾಪಸ್ ಹೋಗುತ್ತೆ. ಇವತ್ತಿನ ಪಹಣಿಯಲ್ಲಿ ಮೂರನೆಯ ಕೈಯವನ ಹೆಸರು ಇರಬಹುದು. ಮಂಜೂರಾತಿಯ ಕತೆ ಹಳೆಯ ಕಾಗದದಲ್ಲಿ ಮಲಗಿರುತ್ತೆ.

ಇ.ಸಿ. ಹೇಳದ ಗುಟ್ಟು

ಸಬ್ ರಿಜಿಸ್ಟ್ರಾರ್ ಕಚೇರಿಗೆ 'ಕಾವೇರಿ' ಕಂಪ್ಯೂಟರ್ ಬಂದದ್ದು 2003ರಲ್ಲಿ. ಅದಕ್ಕೆ ಮೊದಲು ಕ್ರಯಪತ್ರ ಕೊಟ್ಟು ಬಂದರೆ ಪುಸ್ತಕಕ್ಕೆ ಕೈಯಲ್ಲಿ ನಕಲು ಮಾಡಿ ವಾಪಸ್ ಕೊಡುವ ಹೊತ್ತಿಗೆ ವಾರ, ತಿಂಗಳು. ಈಗ ಫೋಟೋ, ಹೆಬ್ಬೆಟ್ಟು, ಸ್ಕ್ಯಾನ್, ಮುಗೀತು. 2023ರಲ್ಲಿ ಬಂದ ಕಾವೇರಿ 2.0ದಲ್ಲಿ ಪತ್ರವನ್ನು ಮೊದಲೇ ಕಳಿಸಿ, ಶುಲ್ಕ ಆನ್‌ಲೈನಿನಲ್ಲೇ ಕಟ್ಟಿ, ಗೊತ್ತಾದ ಹೊತ್ತಿಗೆ ಹೋಗಿ ಬಂದರಾಯಿತು. ಋಣಭಾರ ಪತ್ರ, ಅಂದರೆ ಜನರ ಬಾಯಲ್ಲಿ ಇ.ಸಿ., ಮೊಬೈಲಿನಲ್ಲೇ ಬರುತ್ತೆ.

ಇಲ್ಲಿ ಮೂರು ಮಾತು ಕಿವಿಯಲ್ಲಿ ಇಟ್ಟುಕೊಳ್ಳಬೇಕು.

ಒಂದು: ಆನ್‌ಲೈನ್ ಇ.ಸಿ. ಸಿಗೋದು 2004ರ ಏಪ್ರಿಲ್ 1ರಿಂದ ಈಚೆಗೆ. ಅದಕ್ಕೂ ಹಿಂದಿನ ವ್ಯವಹಾರಕ್ಕೆ ಕಚೇರಿಯ ಹಳೆಯ ಪುಸ್ತಕವನ್ನೇ ಹುಡುಕಿಸಬೇಕು. 1990ರಲ್ಲಿ ಆದ ವಿಭಾಗಪತ್ರ ಮೊಬೈಲಿನಲ್ಲಿ ಕಾಣಲಿಲ್ಲ ಅಂದರೆ ಆಗೇ ಇಲ್ಲ ಅಂತಲ್ಲ.

ಎರಡು: ಇ.ಸಿ.ಯಲ್ಲಿ ಬರೋದು ನೋಂದಣಿ ಆದದ್ದು ಮಾತ್ರ. ಬಿಳಿ ಹಾಳೆಯ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಬಾಯಿಮಾತಿನ ಭೋಗ್ಯ ಇವೆಲ್ಲ ಅದರ ಕಣ್ಣಿಗೆ ಬೀಳೋದಿಲ್ಲ.

ಮೂರು: ರಿಜಿಸ್ಟ್ರೇಷನ್ ಆಯಿತೆಂದರೆ ಸರ್ಕಾರ ಒಡೆತನಕ್ಕೆ ಗ್ಯಾರಂಟಿ ಕೊಟ್ಟಂತಲ್ಲ. ಪತ್ರ ನೋಂದಣಿಯಾಗಿದೆ ಅಂತ ಮಾತ್ರ ಅರ್ಥ. 2025ರ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಮತ್ತೆ ಒತ್ತಿ ಹೇಳಿತು. ಬರೀ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಸೈಟು ನನ್ನದು ಅನ್ನುವವರಿಗೆ ಅದೇ ಕೋರ್ಟು 2011ರಲ್ಲೇ ಬಾಗಿಲು ಹಾಕಿದೆ. ಇಷ್ಟಾದರೂ 'ಜಿ.ಪಿ.ಎ. ಮಾಡ್ಕೊಡ್ತೀನಿ ಬುಡಿ ಅಣ್ಣ, ನಾನಿಲ್ವಾ?' ಅನ್ನುವ ದನಿ ಇನ್ನೂ ಅಡಗಿಲ್ಲ. ಬಂದವನು ಹೇಳುವ 'ನಾನಿದ್ದೀನಿ' ಅನ್ನೋ ಮಾತಿಗೆ ಸ್ಟ್ಯಾಂಪೂ ಇಲ್ಲ, ಸಾಕ್ಷಿಯೂ ಇಲ್ಲ.

ಒಂದೇ ಪತ್ರ, ಎರಡು ಬ್ಯಾಂಕು

ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತರುವುದು ಎಲ್ಲರಿಗೂ ಗೊತ್ತು. ಮೂಲಪತ್ರವನ್ನು ಬ್ಯಾಂಕಿನ ಕೈಗೆ ಕೊಟ್ಟರೆ ಅದೇ ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಈ ತರದ ಅಡಮಾನ ರಿಜಿಸ್ಟ್ರಾರ್ ಪುಸ್ತಕ ಹತ್ತದೆಯೂ ನಡೆಯುತ್ತಿತ್ತು. ಖದೀಮರಿಗೆ ಇಷ್ಟು ಸಂದು ಸಾಲದೇ? ಮೂಲಪತ್ರದ ತದ್ರೂಪಿ ಬಣ್ಣದ ನಕಲು ಮಾಡಿಸಿ, ಒಂದೇ ಮನೆಯ ಮೇಲೆ ಎರಡು ಮೂರು ಬ್ಯಾಂಕಿನಲ್ಲಿ ಸಾಲ ಎತ್ತಿ ಪರಾರಿಯಾದವರು ದೇಶದ ತುಂಬಾ ಇದ್ದರು. ಕೊನೆಗೆ ಬ್ಯಾಂಕು ಬ್ಯಾಂಕು ಕೋರ್ಟಿನಲ್ಲಿ ಕಿತ್ತಾಡುವಾಗ, ಏನೂ ಅರಿಯದೆ ಆ ಮನೆ ಕೊಂಡವನು ಬೀದಿಯಲ್ಲಿ.

ಈ ಸಂದು ಮುಚ್ಚಲು ಕೇಂದ್ರ ಸರ್ಕಾರ 2011ರ ಮಾರ್ಚ್ 31ರಂದು 'ಸೆರ್ಸಾಯ್' ಎಂಬ ಕೇಂದ್ರ ದಾಖಲೆ ಕಚೇರಿ ತೆರೆಯಿತು. ಯಾವ ಬ್ಯಾಂಕು ಯಾವ ಆಸ್ತಿಯನ್ನು ಆಧಾರ ಇಟ್ಟುಕೊಂಡು ಸಾಲ ಕೊಟ್ಟಿದೆ ಅನ್ನೋದನ್ನು ಅಲ್ಲಿ ಬರೆಸಬೇಕು. 2020ರ ಜನವರಿಯಿಂದ ಇನ್ನೊಂದು ಬಿಗಿ ಬಂತು: ಅಲ್ಲಿ ಬರೆಸದ ಬ್ಯಾಂಕು, ಕೋರ್ಟಿಗೆ ಹೋಗದೆ ನೇರವಾಗಿ ಮನೆ ಜಪ್ತಿ ಮಾಡುವ ಸರ್ಫೇಸಿ ಕಾನೂನಿನ ಅಧಿಕಾರ ಚಲಾಯಿಸುವಂತಿಲ್ಲ. ಹಾಗಾಗಿ ಬ್ಯಾಂಕಿನವರು ಮೈಮರೆಯುವಂತಿಲ್ಲ.

ಈ ದಾಖಲೆಯನ್ನು ಬ್ಯಾಂಕಿನವರು ಮಾತ್ರವಲ್ಲ, ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇಪ್ಪತ್ತು ಲಕ್ಷದ ಮನೆ ಕೊಳ್ಳುವವನು ಬಾಗಿಲಿಗೆ ಮಾವಿನ ತೋರಣ ಕಟ್ಟುವ ಮುನ್ನ ಈ ಸಣ್ಣ ಕೆಲಸ ಮಾಡಿದರೆ ಮುಂದಿನ ಕಣ್ಣೀರು ಉಳಿಯುತ್ತೆ.

ಬಣ್ಣದ ಬ್ರೋಷರಿಗೆ ಮೂಗುದಾರ

ಬಡಾವಣೆಯ ಬ್ರೋಷರಿನಲ್ಲಿ ಏನಿರೋದಿಲ್ಲ? ಈಜುಕೊಳ, ದೇವಸ್ಥಾನ, ಮಕ್ಕಳ ಉದ್ಯಾನ. ಜಾಗಕ್ಕೆ ಹೋದರೆ ಬೇಲಿಗಿಡ. ಇದಕ್ಕೆ ಮೂಗುದಾರ ಹಾಕಲು ಬಂದದ್ದು 2016ರ ರೇರಾ ಕಾಯ್ದೆ. ಕರ್ನಾಟಕದ ನಿಯಮ 2017ರ ಜುಲೈನಲ್ಲಿ ಬಂತು. 500 ಚದರ ಮೀಟರ್ ಮೀರಿದ ಅಥವಾ ಎಂಟು ಮನೆಗಿಂತ ಹೆಚ್ಚಿನ ಯೋಜನೆ ರೇರಾದಲ್ಲಿ ನೋಂದಣಿ ಆಗದೆ ಜಾಹೀರಾತನ್ನೂ ಕೊಡುವಂತಿಲ್ಲ. ಸೈಟಿನ ಬಡಾವಣೆಗೂ ಇದೇ ಕಾನೂನು. ಗಿರಾಕಿಗಳ ದುಡ್ಡಿನಲ್ಲಿ ನೂರಕ್ಕೆ 70 ಭಾಗ ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಖರ್ಚು ಮಾಡಬೇಕು. ಇಲ್ಲಿ ಎತ್ತಿ ಅಲ್ಲಿ ಹಾಕುವಂತಿಲ್ಲ. ನೋಂದಾಯಿತ ಕರಾರು ಇಲ್ಲದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಮನೆ ಕೊಟ್ಟ ಮೇಲೆ ಐದು ವರ್ಷದೊಳಗೆ ಗೋಡೆ, ಕಟ್ಟಡ ದೋಷ ಕಂಡರೆ ಕಟ್ಟಿದವನೇ ರಿಪೇರಿ ಮಾಡಿಸಬೇಕು. ದಲ್ಲಾಳಿಗೂ ನೋಂದಣಿ ನಂಬರ್ ಇರಬೇಕು.

ಕಾಗದದ ಮೇಲೆ ಸೊಗಸಾಗಿದೆ. ಆದರೆ ರೇರಾ ಆದೇಶ ಕೊಟ್ಟ ಮಾತ್ರಕ್ಕೆ ದುಡ್ಡು ಕೈಗೆ ಬಂದಂತಲ್ಲ. ವಸೂಲಿ ಮಾಡಿಕೊಡಬೇಕಾದ್ದು ಕಂದಾಯ ಇಲಾಖೆ. ರಾಜ್ಯದಲ್ಲಿ ಹೀಗೆ ಆದೇಶವಾಗಿಯೂ ಗಿರಾಕಿಗಳ ಕೈ ಸೇರದ ಹಣ ನೂರಾರು ಕೋಟಿ ಇದೆ. ಯಾರು ಎಷ್ಟು ಕೊಡಬೇಕು ಅನ್ನೋದು ಬೆಳಕಿಗೆ ಬಂತು. ಕೊಡಿಸುವ ಕೈ ಇನ್ನೂ ಚುರುಕಾಗಬೇಕು.

ಕಪ್ಪು, ಬಿಳುಪು ಮತ್ತು ಮೂರು ರೂಪಾಯಿ ಬಡ್ಡಿ

ಈಗ ಎಲ್ಲರೂ ಪಿಸುಗುಟ್ಟುವ ವಿಷಯ. ಮನೆಯ ನಿಜವಾದ ಬೆಲೆ 30 ಲಕ್ಷ ಅಂತಿಟ್ಟುಕೊಳ್ಳಿ. ಮಾರುವವನು ಹೇಳುತ್ತಾನೆ: 'ಪತ್ರದಲ್ಲಿ 20 ಹಾಕುಮ, ಮಿಕ್ಕಿದ್ದು ಕೈಗೆ ಕೊಟ್ಬುಡಿ.' ಕೊಳ್ಳುವವನಿಗೂ ಖುಷಿ, ಮುದ್ರಾಂಕ ಶುಲ್ಕ ಉಳಿಯಿತಲ್ಲ! 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಬೇರೆ ನೂರಕ್ಕೆ ಒಂದರಿಂದ ಎರಡಕ್ಕೆ ಏರಿದೆ.

ಲೆಕ್ಕ ಹಾಕಿ ನೋಡಿ. ಬ್ಯಾಂಕು ನೋಡೋದು ಪತ್ರದ ಬೆಲೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಹೆಚ್ಚೆಂದರೆ ಬೆಲೆಯ ನೂರಕ್ಕೆ 90. ಅಂದರೆ 20 ಲಕ್ಷಕ್ಕೆ 18 ಲಕ್ಷ. ಶೇಕಡಾ 8ರಂತೆ 20 ವರ್ಷಕ್ಕೆ ತಿಂಗಳ ಕಂತು 15 ಸಾವಿರ ಚಿಲ್ಲರೆ. ಪತ್ರದಲ್ಲಿ ಕಾಣದ ಆ 10 ಲಕ್ಷಕ್ಕೆ ಚೀಟಿ ಎತ್ತಬೇಕು, ಒಡವೆ ಅಡವಿಡಬೇಕು, ಇಲ್ಲವೇ ಕೈಸಾಲ. ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 30 ಸಾವಿರ, ಅದೂ ಬರೀ ಬಡ್ಡಿ. ಅಸಲು ಹಾಗೇ ಇರುತ್ತೆ. 18 ಲಕ್ಷದ ಬ್ಯಾಂಕ್ ಕಂತಿಗಿಂತ 10 ಲಕ್ಷದ ಕೈಸಾಲದ ಬಡ್ಡಿ ಎರಡರಷ್ಟು! ಶುಲ್ಕದಲ್ಲಿ ಉಳಿಸಿದ್ದು ಎರಡು ಮೂರು ತಿಂಗಳ ಬಡ್ಡಿಯಲ್ಲೇ ಕರಗಿತು. ಅದೇ 30 ಲಕ್ಷವನ್ನೂ ಪತ್ರದಲ್ಲಿ ತೋರಿಸಿದ್ದರೆ 27 ಲಕ್ಷದ ತನಕ ಸಾಲ ಕೇಳಬಹುದಿತ್ತು, ಕಂತು 22,600ರ ಆಸುಪಾಸು.

ಕಾನೂನೂ ಸುಮ್ಮನಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯೋದು 2015ರ ಜೂನ್‌ನಿಂದ ನಿಷಿದ್ಧ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಾಳೆ ವ್ಯವಹಾರ ಮುರಿದು ಬಿದ್ದರೆ, ಕೈಗೆ ಕೊಟ್ಟ ಹತ್ತು ಲಕ್ಷಕ್ಕೆ ರಸೀತಿ ಎಲ್ಲಿಂದ ತರೋದು? ಕೋರ್ಟಿನಲ್ಲಿ ದೇವರ ಸಾಕ್ಷಿ ನಡೆಯೋದಿಲ್ಲ.

ಬ್ಯಾಂಕಿನ ಕೌಂಟರಿನ ಆಚೆ

ಮೊದಲು ಗೃಹಸಾಲ ಅಂದರೆ ಮ್ಯಾನೇಜರ್ ಮುಖ ನೋಡೋದು. ಅವರ ಮನಸ್ಸಿಗೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಈಗ ಆ ಜಾಗದಲ್ಲಿ ಮೂರಂಕಿಯ ಒಂದು ಸ್ಕೋರು ಕೂತಿದೆ. 300ರಿಂದ 900ರವರೆಗಿನ ಈ ಅಂಕಿಯನ್ನು ಸಿಬಿಲ್‌ನಂಥ ಸಂಸ್ಥೆಗಳು ಕಟ್ಟುತ್ತವೆ. ಬೈಕಿನ ಸಾಲ, ಫ್ರಿಜ್ಜಿನ ಕಂತು, ಇನ್ನೊಬ್ಬರಿಗೆ ಹಾಕಿದ ಜಾಮೀನು ಎಲ್ಲ ಅದರಲ್ಲಿ ಬರೆದಿರುತ್ತೆ. ತೀರಿಸಿದ ಸಾಲ ತೀರಿಲ್ಲ ಅಂತ ತಪ್ಪಾಗಿ ಉಳಿದಿರುವುದೂ ಉಂಟು. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮನೆ ನೋಡುವ ಆರು ತಿಂಗಳು ಮೊದಲೇ ಅದನ್ನು ತರಿಸಿ ತಪ್ಪಿದ್ದರೆ ತಿದ್ದಿಸಿಕೊಳ್ಳೋದು ಜಾಣತನ.

ಬಡ್ಡಿಯ ವಿಷಯಕ್ಕೆ ಬನ್ನಿ. ರಿಸರ್ವ್ ಬ್ಯಾಂಕ್ ದರ ಏರಿಸಿದ ಮರುದಿನವೇ ಸಾಲದ ಬಡ್ಡಿ ಏರುತ್ತಿತ್ತು, ಇಳಿಸಿದಾಗ ಮಾತ್ರ ಬ್ಯಾಂಕಿಗೆ ಜಾಣಕಿವುಡು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಗೃಹಸಾಲವನ್ನು ರೆಪೋ ದರದಂಥ ಹೊರಗಿನ ಅಳತೆಗೆ ಕಟ್ಟಲೇಬೇಕಾಯಿತು. ಅಳತೆ ಪತ್ರಿಕೆಯಲ್ಲೇ ಅಚ್ಚಾಗುತ್ತೆ, ಮುಚ್ಚಿಡುವಂತಿಲ್ಲ. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೋ 6.50ರಿಂದ 5.25ಕ್ಕೆ ಇಳಿಯಿತು. ಅದಕ್ಕೆ ಕಟ್ಟಿದ ಸಾಲಕ್ಕೆ ಇಳಿಕೆ ಸಿಕ್ಕಿರಬೇಕು. ಹಳೆಯ ಲೆಕ್ಕದಲ್ಲೇ ಉಳಿದವರು ಬ್ಯಾಂಕಿಗೆ ಹೋಗಿ 'ರೆಪೋಗೆ ಬದಲಾಯಿಸಿ' ಅಂತ ಕೇಳಬೇಕು. ಖಾಸಗಿ ಗೃಹಸಾಲ ಕಂಪನಿಗಳಿಗೆ ಈ ಕಟ್ಟುಪಾಡು ಇಲ್ಲ; ಅಲ್ಲಿ ಸಾಲ ತೆಗೆಯುವವರು ಎರಡು ಸಲ ಯೋಚಿಸಬೇಕು. 20 ಲಕ್ಷ ಸಾಲಕ್ಕೆ 20 ವರ್ಷದಲ್ಲಿ 9ಕ್ಕೂ 8ಕ್ಕೂ ಇರುವ ವ್ಯತ್ಯಾಸ ತಿಂಗಳಿಗೆ ಸುಮಾರು 1,265 ರೂಪಾಯಿ, ಒಟ್ಟು 3 ಲಕ್ಷ. ಒಂದು ಪರ್ಸೆಂಟ್ ಅಂದರೆ ಇಷ್ಟು!

ಇನ್ನೂ ಎರಡು ನಿಯಮಗಳಿವೆ, ಬ್ಯಾಂಕಿನವರು ತಾವಾಗಿ ಬಾಯಿಬಿಟ್ಟು ಹೇಳೋದು ಕಮ್ಮಿ. 2024ರ ಅಕ್ಟೋಬರ್ 1ರಿಂದ ಸಾಲ ಕೊಡುವ ಮುನ್ನ 'ಮುಖ್ಯಾಂಶಗಳ ಹಾಳೆ' ಕೊಡಬೇಕು. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಸಾಲದ ಜೊತೆ ಅಂಟಿಸಿದ ವಿಮೆ ಇವೆಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅಂತ ಅದರಲ್ಲಿ ಒಂದೇ ಅಂಕಿಯಲ್ಲಿ ಇರಬೇಕು. ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಅಂತ ಕೇಳೋದು ಭಿಕ್ಷೆಯಲ್ಲ, ಹಕ್ಕು. ಇನ್ನೊಂದು, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು. ತಪ್ಪು ಬ್ಯಾಂಕಿನದಾಗಿದ್ದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಸಾಲಗಾರನಿಗೆ ಕಟ್ಟಿಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. 'ಹೆಡ್ ಆಫೀಸಿನಿಂದ ಬಂದಿಲ್ಲ, ಮುಂದಿನ ವಾರ ಬನ್ನಿ' ಅನ್ನುವ ಮಾತಿಗೆ ಈಗ ಬೆಲೆ ಇದೆ, ದಿನಕ್ಕೆ ಐದು ಸಾವಿರ.

ಪರದೆಯ ಹೊರಗೆ ಉಳಿದವರು

ಬೆಳಕು ಬಂತು ಸರಿ. ಬೆಳಕಿನ ಹೊರಗೆ ನಿಂತವರ ಗತಿ?

2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಮಾಲೀಕನ ಫೋಟೋ, ಆಸ್ತಿಯ ಫೋಟೋ, ಜಾಗದ ಅಕ್ಷಾಂಶ ರೇಖಾಂಶ ಎಲ್ಲ ಅದರಲ್ಲಿ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು: ಕ್ರಮಬದ್ಧವಾದದ್ದಕ್ಕೆ ನಮೂನೆ 9 ಮತ್ತು 11ಎ, ಕ್ರಮಬದ್ಧವಲ್ಲದ್ದಕ್ಕೆ 11ಬಿ. ಒಂದೇ ಸೈಟನ್ನು ಮೂವರಿಗೆ ಮಾರುವ ಹಳೇ ಆಟಕ್ಕೆ ಇದರಿಂದ ಪೆಟ್ಟು ಬಿದ್ದಿದೆ.

ಆದರೆ ಇಪ್ಪತ್ತು ವರ್ಷದ ಹಿಂದೆ ಭೂ ಪರಿವರ್ತನೆ ಆಗದ ಹೊಲದಲ್ಲಿ, ಮೂವತ್ತು–ನಲವತ್ತರ ರೆವಿನ್ಯೂ ಸೈಟು ಕೊಂಡವನ ಕತೆ ಬೇರೆ. ಅವನು ಕಳ್ಳನಲ್ಲ. ಪ್ರಾಧಿಕಾರದ ಸೈಟು ಸಿಗಲಿಲ್ಲ, ಖಾಸಗಿ ಬಡಾವಣೆ ಎಟುಕಲಿಲ್ಲ. ಕ್ರಯಪತ್ರ ರಿಜಿಸ್ಟರ್ ಮಾಡಿದ್ದು ಸರ್ಕಾರದ ಕಚೇರಿಯೇ, ಶುಲ್ಕ ತಗೊಂಡದ್ದೂ ಸರ್ಕಾರವೇ. ಮನೆ ಕಟ್ಟಿದ, ಕರೆಂಟು ಬಂತು, ನಲ್ಲಿ ಬಂತು. ಅಕ್ರಮ ಸಕ್ರಮ ಆಗುತ್ತೆ ಅಂತ ಕಾದ. ನಗರಗಳ ಅಕ್ರಮ ಕಟ್ಟಡ, ಬಡಾವಣೆಗಳ ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥವರಿಗೆ ನಗರಸಭೆ, ಪುರಸಭೆಗಳಲ್ಲಿ ಬಿ ಖಾತೆ ಕೊಡುವ ಅಭಿಯಾನ ಶುರುಮಾಡಿತು. ಲೆಕ್ಕಕ್ಕೆ ಬಂದರು, ಕಂದಾಯ ಕಟ್ಟಿದರು. ಆದರೆ ಬಿ ಖಾತೆ ತೋರಿಸಿದರೆ ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ತಲೆಯಾಡಿಸುತ್ತವೆ. ಅಂಗಡಿ ದೊಡ್ಡದು ಮಾಡಬೇಕು, ಮಗಳ ಮದುವೆ ಮಾಡಬೇಕು ಅಂದರೆ ಕಣ್ಣೆದುರು ಇರುವ ಮನೆಯ ಮೇಲೆ ಕಮ್ಮಿ ಬಡ್ಡಿಯ ಸಾಲವಿಲ್ಲ. ಹೆಚ್ಚು ಬಡ್ಡಿಯ ಖಾಸಗಿ ಫೈನಾನ್ಸೇ ಗತಿ.

ಕಾಗದ ಸರಿಯಿರುವ ಸ್ಥಿತಿವಂತನಿಗೆ ಎಂಟು ಪರ್ಸೆಂಟ್, ಸರಿಯಿಲ್ಲದ ಬಡವನಿಗೆ ಅದರ ಎರಡು ಮೂರು ಪಟ್ಟು. ಕಂಪ್ಯೂಟರ್ ಈ ಗೋಡೆ ಕಟ್ಟಲಿಲ್ಲ ನಿಜ. ಆದರೆ ಗೋಡೆಯ ಆಚೆ ಯಾರು, ಈಚೆ ಯಾರು ಅನ್ನೋದನ್ನು ಗೆರೆ ಎಳೆದು ತೋರಿಸಿತು. ಬಾಗಿಲು ತೆರೆಯುವ ಕೆಲಸ ವಿಧಾನಸೌಧದ್ದು, ಯಂತ್ರದ್ದಲ್ಲ.

ಬೆಳಕು ಕಣ್ಣು ಕುಕ್ಕಿದಾಗ

ಚಿಲ್ಲರೆ ಅಂಗಡಿಯವರಿಗೆ ಇನ್ನೊಂದು ಅನುಭವ. ಗಲ್ಲಾಪೆಟ್ಟಿಗೆಯ ವ್ಯಾಪಾರಕ್ಕೆ ಲೆಕ್ಕವಿಲ್ಲ, ಆದಾಯ ಪುರಾವೆ ಇಲ್ಲ ಅಂತ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಯು.ಪಿ.ಐ. ಬಂದ ಮೇಲೆ ದಿನದ ವ್ಯಾಪಾರ ಬ್ಯಾಂಕ್ ಪುಸ್ತಕದಲ್ಲೇ ಕಾಣತೊಡಗಿತು. ಅದನ್ನು ತೋರಿಸಿ ಸಾಲ ಕೇಳುವ ದಾರಿ ತೆರೆಯಿತು. ಅಷ್ಟರಲ್ಲಿ 2025ರ ಜುಲೈನಲ್ಲಿ ಅದೇ ಪುಸ್ತಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ನೋಟಿಸು! 'ಯು.ಪಿ.ಐ. ಇಲ್ಲ, ನಗದು ಮಾತ್ರ' ಎಂಬ ಬೋರ್ಡು ಅಂಗಡಿಗಳ ಮುಂದೆ ನೇತಾಡಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಅಂತ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಬ್ಯಾಂಕಿಗೆ ಕಾಣುವ ವ್ಯಾಪಾರ ತೆರಿಗೆಯವರಿಗೂ ಕಾಣುತ್ತೆ. ಲೆಕ್ಕಪತ್ರ ಸರಿಯಿಟ್ಟವನಿಗೆ ಎರಡೂ ಕಡೆ ಭಯ ಕಮ್ಮಿ.

ಕಾವೇರಿಯಲ್ಲೂ ಇಂಥದೇ ಒಂದು ಪಾಠ. ಆನ್‌ಲೈನಿನಲ್ಲಿ ಸಿಗುತ್ತಿದ್ದ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಜನರ ಬ್ಯಾಂಕ್ ಖಾತೆಯಿಂದ ದುಡ್ಡು ಎಳೆದ ಜಾಲ 2023ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿತ್ತು. ಆಮೇಲೆ ಇಲಾಖೆ ಬೆರಳಚ್ಚು ಮರೆಮಾಡಿತು. ರಿಜಿಸ್ಟ್ರೇಷನ್ ಮಾಡಿಸಿದವರು ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಕೊಳ್ಳೋದು ಒಳ್ಳೇದು, ಅದು ಪುಕ್ಕಟೆ. 2025ರ ಜನವರಿಯಲ್ಲಿ ಕಿಡಿಗೇಡಿಗಳು ಸುಳ್ಳು ಅರ್ಜಿಗಳ ಮಳೆ ಸುರಿಸಿ ಕಾವೇರಿ 2.0 ಅನ್ನೇ ದಿನಗಟ್ಟಲೆ ಕೆಡವಿದ್ದೂ ಆಯಿತು. ಮುಹೂರ್ತ ನೋಡಿ ಬಂದವರು ಸರ್ವರ್ ನೋಡಿ ವಾಪಸ್ ಹೋದರು.

ಅಡ್ವಾನ್ಸ್ ಎಣಿಸುವ ಮುನ್ನ

ಸೈಟಿನ ಮೇಲೆ ನಿಂತು 'ದಿಶಾಂಕ್' ಆ್ಯಪ್ ತೆರೆಯಿರಿ. ಕಾಲಡಿಯ ಸರ್ವೆ ನಂಬರ್ ಅದು ಹೇಳುತ್ತೆ. ದಲ್ಲಾಳಿ ಹೇಳಿದ ನಂಬರ್ ಒಂದು, ನೆಲದ ನಂಬರ್ ಇನ್ನೊಂದು ಆದರೆ ಅಲ್ಲಿಂದಲೇ ನಮಸ್ಕಾರ ಹಾಕಿ. ಕೆರೆ, ಸರ್ಕಾರಿ ಖರಾಬು ಇದೆಯೋ ನೋಡಿ. ಪಹಣಿ, ಮ್ಯುಟೇಷನ್ ತೆಗೆಸಿ. ಇ.ಸಿ.ಯನ್ನು ಮೊಬೈಲಿನದಷ್ಟೇ ಅಲ್ಲ, 2004ಕ್ಕೂ ಹಿಂದಿನದನ್ನು ಸೇರಿಸಿ ಕನಿಷ್ಠ 30 ವರ್ಷದ್ದು ಕೇಳಿ. ಜಮೀನಿನ ಭಾಗ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಬಡಾವಣೆಯಾದರೆ ರೇರಾ ನಂಬರ್ ಹಾಕಿ ನೋಡಿ. ಸೆರ್ಸಾಯ್‌ನಲ್ಲಿ ಅಡಮಾನ ಇದೆಯೋ ಹುಡುಕಿಸಿ. ಮೂಲಪತ್ರವನ್ನು ಕಣ್ಣಾರೆ ನೋಡಿ, ನಕಲು ನೋಡಿ ಮರುಳಾಗಬೇಡಿ. ದುಡ್ಡು ಬ್ಯಾಂಕಿನ ಮೂಲಕವೇ ಕೊಡಿ. ಮಾರುವವನ ಕಡೆಯ ವಕೀಲರ ಮಾತು ಸಾಲದು, ನಿಮ್ಮದೇ ವಕೀಲರಿಗೆ ಕಾಗದ ತೋರಿಸಿ.

ಇಷ್ಟಕ್ಕೆ ಆಗುವ ಖರ್ಚು ಸೈಟಿನ ಬೆಲೆಯ ಮುಂದೆ ಏನೂ ಅಲ್ಲ, ಹೆಚ್ಚೆಂದರೆ ನಾಲ್ಕೈದು ದಿನ ಹಿಡಿದೀತು. 'ನಾಳೆ ಈ ರೇಟು ಇರಾಕಿಲ್ಲ, ಇನ್ನೊಬ್ರು ದುಡ್ಡು ಹಿಡ್ಕೊಂಡು ನಿಂತವ್ರೆ' ಅಂತ ಯಾರಾದರೂ ಅವಸರ ಮಾಡಿದರೆ, ಆ ಇನ್ನೊಬ್ಬರಿಗೇ ಬಿಟ್ಟುಕೊಡೋದು ವಾಸಿ. ದಾಖಲೆ ಸರಿಯಿರುವ ಸೈಟು ನಾಲ್ಕು ದಿನ ಕಾಯುತ್ತೆ.